ನಿವೃತ್ತ ಕರ್ನಲ್‌ಗೆ ಮತ್ತೆ ಬುಲಾವು

ಹಸಿರು ಹುಲ್ಲು, ಹಳೆಯ ಮನೆಗಳು, ಯಾವ ಗಡಿಬಿಡಿಯೂ ಇಲ್ಲದ ಒಂದು ಇಂಗ್ಲಿಷ್ ಹಳ್ಳಿ. ಅಲ್ಲಿ ಮಾಜಿ ಸೇನಾಧಿಕಾರಿಯೊಬ್ಬ ಕಾಲ ತಳ್ಳುತ್ತಿದ್ದಾನೆ. ಸ್ವಲ್ಪ ಹೊತ್ತಿಗೇ ಓದುಗನಿಗೆ ಗೊತ್ತಾಗುತ್ತದೆ, ಈ ಹಳ್ಳಿ ಹಳ್ಳಿಯೇ ಅಲ್ಲ. ಯಂತ್ರವೊಂದು ಕಟ್ಟಿ ತೋರಿಸುತ್ತಿರುವ ಮಾಯೆ. ಯಂತ್ರ ನಿಲ್ಲಿಸಿದರೆ ಉಳಿಯುವುದು ಬಾಹ್ಯಾಕಾಶದ ಕತ್ತಲೆ ಮಾತ್ರ. ಅಲ್ಲಿಗೆ ದೇಶದ ಪ್ರಧಾನಿಯೇ ಅವನನ್ನು ಹುಡುಕಿಕೊಂಡು ಬರುತ್ತಾನೆ. ಆಪತ್ತು ಬಂದಿದೆ, ಹಳೆಯ ಶತ್ರು ಮತ್ತೆ ತಲೆ ಎತ್ತಿದ್ದಾನೆ, ತಾವು ಬರಬೇಕು ಎನ್ನುತ್ತಾನೆ. ಬರುವುದಿಲ್ಲ ಎಂದು ಹೇಳುವ ಹಕ್ಕು ಆ ಅಧಿಕಾರಿಗೆ ಇದೆ. ಆದರೆ ಅವನು ಹಾಗೆ ಹೇಳಿಬಿಟ್ಟರೆ ಪುಸ್ತಕ ಮೊದಲ ಸಂಚಿಕೆಗೇ ಮುಗಿದುಹೋಗುತ್ತದೆ!

ಇದು 2007ರ ನವೆಂಬರಿನಲ್ಲಿ ಶುರುವಾದ ‘ಡ್ಯಾನ್ ಡೇರ್’ ಕಾಮಿಕ್ಸ್ ಮಾಲೆಯ ಆರಂಭ. ಬರೆದವನು ಉತ್ತರ ಐರ್ಲೆಂಡಿನ ಗಾರ್ತ್ ಎನಿಸ್, ಚಿತ್ರ ಬರೆದವನು ಗ್ಯಾರಿ ಅರ್ಸ್ಕಿನ್. ಒಟ್ಟು ಏಳು ಸಂಚಿಕೆ. ವಯಸ್ಸಾದ ವೀರನನ್ನು ಮತ್ತೆ ರಂಗಕ್ಕೆ ಕರೆತರುವ ಕಥೆಗಳು ಸಾಮಾನ್ಯವಾಗಿ ಈ ಬಾಗಿಲಿನಿಂದಲೇ ಒಳಗೆ ಬರುತ್ತವೆ. ಅವನು ದೂರ ಹೋಗಿ ಕೂತಿರಬೇಕು, ಲೋಕದ ಮೇಲೆ ಬೇಸರ ಇರಬೇಕು, ಯಾರಾದರೂ ಬಂದು ಕೇಳಿಕೊಳ್ಳಬೇಕು, ಮೊದಲು ಒಲ್ಲೆ ಅಂದು ಆಮೇಲೆ ಹೊರಡಬೇಕು. 1986ರಲ್ಲಿ ಫ್ರಾಂಕ್ ಮಿಲ್ಲರ್ ಐವತ್ತು ದಾಟಿದ ಬ್ಯಾಟ್‌ಮನ್‌ನನ್ನು ಮನೆಯಿಂದ ಎಬ್ಬಿಸಿ ಹೊರಡಿಸಿದ ಮೇಲಂತೂ ಇದು ಕಾಮಿಕ್ಸ್ ಬರೆಯುವವರ ಪಾಲಿಗೆ ಸವೆದ ದಾರಿಯಾಗಿಬಿಟ್ಟಿತು. ಆ ದಾರಿಯಲ್ಲಿ ನಡೆಯುವುದು ತಪ್ಪೇನಲ್ಲ. ಆದರೆ ಡ್ಯಾನ್ ಡೇರ್ ಹುಟ್ಟಿದ್ದು ಬೇರೆಯದೇ ಕಥಾಕ್ರಮದಲ್ಲಿ, ಬೇರೆಯದೇ ಹಸಿವಿನ ನಡುವೆ. ಅವನನ್ನು ಹೊಸ ಕ್ರಮಕ್ಕೆ ಒಗ್ಗಿಸುವಾಗ ಏನು ಉಳಿಯಿತು, ಏನು ಹೋಯಿತು ಎಂಬುದನ್ನು ನೋಡಬೇಕಾದರೆ ಅರ್ಧ ಶತಮಾನಕ್ಕಿಂತ ಹಿಂದೆ ಹೋಗಬೇಕಾಗುತ್ತದೆ.

ಮಾರ್ಕಸ್ ಮಾರಿಸ್ ಎಂಬುವನು ಇಂಗ್ಲೆಂಡಿನ ಸೌತ್‌ಪೋರ್ಟ್ ಎಂಬ ಊರಿನ ಹತ್ತಿರ ಆಂಗ್ಲಿಕನ್ ಪಾದ್ರಿಯಾಗಿದ್ದ. ಅಮೆರಿಕದಿಂದ ಹಡಗಿನಲ್ಲಿ ಬಂದು ಬೀಳುತ್ತಿದ್ದ ಭೀಕರ ಕಾಮಿಕ್ಸ್‌ಗಳನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. 1949ರಲ್ಲಿ ಪತ್ರಿಕೆಯೊಂದರಲ್ಲಿ ಅವುಗಳ ವಿರುದ್ಧ ಖಾರವಾಗಿಯೇ ಬರೆದ. ಬರೀ ಬೈದು ಸುಮ್ಮನಾಗದೆ, ಅಂಥವುಗಳಿಗೆ ಬದಲಾಗಿ ಓದಲು ಏನನ್ನಾದರೂ ಕೊಡಬೇಕೆಂದು ಹೊರಟಿದ್ದು ಅವನ ದೊಡ್ಡತನ. ಜೊತೆಗೆ ಸಿಕ್ಕಿದವನು ಫ್ರಾಂಕ್ ಹ್ಯಾಂಪ್ಸನ್ ಎಂಬ ಕಲಾವಿದ. ಇಬ್ಬರೂ ಸೇರಿ ಮೊದಲು ಕಲ್ಪಿಸಿಕೊಂಡ ನಾಯಕ ಬಾಹ್ಯಾಕಾಶ ಪಡೆಯ ಒಬ್ಬ ಪಾದ್ರಿ! ಅಚ್ಚಿಗೆ ಹೋಗುವ ಹೊತ್ತಿಗೆ ಅವನ ಪಾದ್ರಿಯ ಕಾಲರು ಕಳಚಿಬಿತ್ತು, ಕರ್ನಲ್‌ನ ಸಮವಸ್ತ್ರ ಬಂತು. ಹುಬ್ಬಿನ ತುದಿ ಮಾತ್ರ ಮೊದಲಿನಿಂದ ಕೊನೆಯವರೆಗೂ ಸೊಟ್ಟಗೇ ಇತ್ತು. ಒಳಗಿನ ಪಾದ್ರಿಯೂ ಪೂರ್ತಿ ಹೋಗಲಿಲ್ಲ. ಡ್ಯಾನ್ ಡೇರ್ ಕೊಟ್ಟ ಮಾತಿಗೆ ತಪ್ಪುವುದಿಲ್ಲ, ಶರಣಾದವನನ್ನು ಕೊಲ್ಲುವುದಿಲ್ಲ, ಶತ್ರುವಿಗೆ ಕೊಟ್ಟ ಮಾತನ್ನೂ ಮಾತೆಂದೇ ಎಣಿಸುತ್ತಾನೆ.

1950ರ ಏಪ್ರಿಲ್ 14ರಂದು ‘ಈಗಲ್’ ವಾರಪತ್ರಿಕೆಯ ಮೊದಲ ಸಂಚಿಕೆ ಬಂತು. ಸುಮಾರು ಒಂಬತ್ತು ಲಕ್ಷ ಪ್ರತಿ ಖರ್ಚಾದವು. ಯುದ್ಧ ಮುಗಿದು ಐದು ವರ್ಷವಾಗಿದ್ದರೂ ಬ್ರಿಟನ್ನಿನಲ್ಲಿ ಆಗ ರೇಷನ್ ಇತ್ತು ಎಂಬುದನ್ನು ಮರೆಯಬಾರದು. ಮಕ್ಕಳ ಮಿಠಾಯಿಗೂ ರೇಷನ್ ಚೀಟಿ ಬೇಕಿತ್ತು. ಅದು ಹೋದದ್ದು 1953ರಲ್ಲಿ, ಮಾಂಸದ ರೇಷನ್ ಹೋದದ್ದು 1954ರಲ್ಲಿ. ಇಂಥ ಹೊತ್ತಿನಲ್ಲಿ ಹ್ಯಾಂಪ್ಸನ್ ಕಟ್ಟಿದ ಮೊದಲ ಕಥೆ ಯಾವುದು? ಭೂಮಿಯಲ್ಲಿ ಜನ ಹೆಚ್ಚಾಗಿ ಆಹಾರ ಸಾಲದಾಗಿದೆ. ಶುಕ್ರ ಗ್ರಹದಲ್ಲಿ ಬೆಳೆಯಬಹುದೇನೋ ನೋಡಿ ಬರಲು ನೌಕೆಗಳು ಹೊರಟಿವೆ, ಹೋದದ್ದು ಯಾವುದೂ ತಲುಪದೆ ಸಿಡಿಯುತ್ತಿದೆ. ಅರಮನೆ, ರಾಜಕುಮಾರಿ, ನಿಧಿ ಯಾವುದೂ ಅಲ್ಲ, ಊಟದ ತಟ್ಟೆಯ ಪ್ರಶ್ನೆ! ಪತ್ರಿಕೆ ಕೊಂಡ ಹುಡುಗನ ಮನೆಯಲ್ಲೂ ಅದೇ ಪ್ರಶ್ನೆ ಇತ್ತು. ಈ ಕಥೆ ನಡೆಯುವ ಕಾಲ 1990ರ ದಶಕದ ಕೊನೆ. ಆಗಿನವರಿಗೆ ಅದು ಕಣ್ಣಿಗೆಟುಕದ ಭವಿಷ್ಯ.

ವಾರಕ್ಕೆ ಎರಡು ಪುಟ. ಮುಖಪುಟ ಒಂದು, ಅದರ ಹಿಂಬದಿ ಇನ್ನೊಂದು, ಎರಡೂ ಬಣ್ಣದಲ್ಲಿ. ಈ ಎರಡು ಪುಟದ ಅಳತೆಯೇ ಕಥೆಯ ಛಂದಸ್ಸು ಎಂದರೂ ಸಲ್ಲುತ್ತದೆ. ಮೊದಲು ಹಿಂದಿನ ವಾರದ ತೊಡಕಿನಿಂದ ನಾಯಕ ಪಾರಾಗಬೇಕು. ನಡುವೆ ಕಥೆ ಒಂದು ಹೆಜ್ಜೆ ಮುಂದೆ ಹೋಗಬೇಕು. ಎರಡನೆಯ ಪುಟದ ಬಲಗಡೆಯ ಕೆಳಮೂಲೆಯ ಚೌಕದಲ್ಲಿ ಮತ್ತೊಂದು ತೊಡಕು. ಮುಂದಿನ ವಾರಕ್ಕೆ! ವಾರಪತ್ರಿಕೆಗಳ ಧಾರಾವಾಹಿಗಾಗಿ ಅಂಚೆಯವನ ದಾರಿ ಕಾದ ಕನ್ನಡದ ಓದುಗರಿಗೆ ಈ ರುಚಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಶುಕ್ರ ಗ್ರಹದ ಆ ಒಂದೇ ಕಥೆ ಹೀಗೆ ವಾರ ವಾರ ಎರಡೆರಡು ಪುಟವಾಗಿ ಒಂದು ವರ್ಷಕ್ಕೂ ಮೀರಿ ನಡೆಯಿತು. ಪುಸ್ತಕವಾಗಿ ಒಟ್ಟಿಗೆ ಓದಿದರೆ ಪ್ರತಿ ಎರಡು ಪುಟಕ್ಕೊಮ್ಮೆ ಯಾರೋ ಜುಟ್ಟು ಹಿಡಿದು ಎಳೆದಂತಾಗುತ್ತದೆ. ಅದನ್ನು ಹಾಗೆ ಓದುವುದೇ ಅನ್ಯಾಯ.

ಹ್ಯಾಂಪ್ಸನ್ ಚಿತ್ರ ಬರೆಯುತ್ತಿದ್ದ ಬಗೆ ಕೇಳಿದರೆ ಆಶ್ಚರ್ಯವಾಗುತ್ತದೆ. ಹಿಂದೆ ಬ್ರೆಡ್ ಸುಡುತ್ತಿದ್ದ ಒಂದು ಹಳೆಯ ಕಟ್ಟಡದಲ್ಲಿ ಮೊದಲ ಸ್ಟುಡಿಯೊ. ಅವನು ಇಡೀ ಪುಟವನ್ನು ಬಣ್ಣದಲ್ಲಿ ಕರಡು ಬರೆಯುತ್ತಿದ್ದ. ಆ ಕರಡೇ ಬೇರೆಯವರ ಪೂರ್ತಿ ಚಿತ್ರಕ್ಕೆ ಸಮ. ಆಮೇಲೆ ಪ್ರತಿ ಚೌಕದಲ್ಲಿ ಪಾತ್ರಗಳು ನಿಂತಂತೆಯೇ ಸಹಾಯಕರನ್ನು ನಿಲ್ಲಿಸಿ ಫೋಟೊ ತೆಗೆಯುವುದು. ಪಡೆಯ ಮುಖ್ಯಸ್ಥ ಸರ್ ಹ್ಯೂಬರ್ಟ್‌ಗೆ ಹ್ಯಾಂಪ್ಸನ್‌ನ ತಂದೆಯದೇ ಮುಖ. ವಿಜ್ಞಾನಿ ಜೋಸೆಲಿನ್ ಪೀಬಾಡಿಗೆ ಸ್ಟುಡಿಯೊದಲ್ಲೇ ಚಿತ್ರ ಬರೆಯುತ್ತಿದ್ದ ಗ್ರೆಟಾ ಟಾಮ್ಲಿನ್ಸನ್ ಮಾದರಿ. ನೌಕೆಗಳ ಪುಟ್ಟ ಮಾದರಿಗಳನ್ನೂ ಮಾಡಿಟ್ಟುಕೊಂಡಿದ್ದರು, ಯಾವ ಕೋನದಿಂದ ನೋಡಿದರೂ ನೆರಳು ಸರಿಯಾಗಿ ಬೀಳಬೇಕಲ್ಲ! ಆರಂಭದಲ್ಲಿ ವಿಜ್ಞಾನದ ಸಲಹೆ ಕೊಟ್ಟವನು ಆರ್ಥರ್ ಸಿ. ಕ್ಲಾರ್ಕ್. ಅಷ್ಟಾದರೂ ಶುಕ್ರದ ಬಗ್ಗೆ ಹೇಳಿದ್ದೆಲ್ಲ ಸುಳ್ಳಾಯಿತು. 1962ರಲ್ಲಿ ಮ್ಯಾರಿನರ್-2 ನೌಕೆ ಪಕ್ಕದಲ್ಲಿ ಹಾದುಹೋಗಿ, ಅಲ್ಲಿರುವುದು ಕಾಡಲ್ಲ ಕುಲುಮೆ ಎಂದು ತಿಳಿಸಿತು. ಅದರಿಂದ ಕಥೆಗೆ ಏನೂ ಕೇಡಾಗಲಿಲ್ಲ ಎಂಬುದು ಬೇರೆ ಮಾತು.

ಆ ಶುಕ್ರದಲ್ಲಿ ಹಸಿರು ಮೈಯ ಟ್ರೀನ್ ಜನ ಇದ್ದಾರೆ. ಅವರಿಗೆ ದಯೆ ಇಲ್ಲ, ಕೋಪವೂ ಇಲ್ಲ, ಇರುವುದೆಲ್ಲ ಬರೀ ಲೆಕ್ಕಾಚಾರ. ಅವರ ಒಡೆಯ ಮೆಕಾನ್. ಕುಂಬಳಕಾಯಿಯಂಥ ತಲೆ, ಹುರಿಹಗ್ಗದಂಥ ಕೈಕಾಲು, ಗಾಳಿಯಲ್ಲಿ ತೇಲುವ ಸಣ್ಣ ಪೀಠದ ಮೇಲೆ ಸವಾರಿ. ಅವನು ಕಿರುಚುವುದಿಲ್ಲ, ಅಟ್ಟಹಾಸ ಮಾಡುವುದಿಲ್ಲ. ಅದಕ್ಕೇ ಅವನನ್ನು ಕಂಡರೆ ಮಕ್ಕಳಿಗೆ ಭಯ. ಡ್ಯಾನ್‌ನ ಜೊತೆಯಲ್ಲಿ ವಿಗನ್ ಊರಿನ ಡಿಗ್ಬಿ, ಹೊಟ್ಟೆಬಾಕ, ಗೊಣಗುವವನು, ಪ್ರಾಣ ಕೊಡಲು ಹಿಂಜರಿಯದವನು. ಸಂಸ್ಕೃತ ನಾಟಕದ ವಿದೂಷಕನನ್ನು ನೆನಪಿಗೆ ತರುವಂಥವನು. ಫ್ರೆಂಚಿನವನೊಬ್ಬ, ಅಮೆರಿಕದವನೊಬ್ಬ ಇದ್ದಾರೆ. ಪೀಬಾಡಿ ಮೊದಲ ಸಲ ಒಳಗೆ ಬಂದಾಗ, ಪ್ರೊಫೆಸರ್ ಎಂದರೆ ಹೆಂಗಸೇ ಎಂದು ಸರ್ ಹ್ಯೂಬರ್ಟ್ ಗುರುಗುಟ್ಟುತ್ತಾನೆ. ಗುರುಗುಟ್ಟಿದವನೇ ಬೆಪ್ಪಾಗುವಂತೆ ಕಥೆ ನಡೆಯುತ್ತದೆ. 1950ರ ಹುಡುಗರ ಪತ್ರಿಕೆಗೆ ಇದು ಸಣ್ಣ ಸಂಗತಿಯಲ್ಲ.

ಹ್ಯಾಂಪ್ಸನ್‌ನ ಕಥೆ ಮಾತ್ರ ಅವನ ನಾಯಕನ ಕಥೆಯಂತೆ ಮುಗಿಯಲಿಲ್ಲ. ಪತ್ರಿಕೆ ಕೈ ಬದಲಾಯಿಸಿತು. 1959ರಲ್ಲಿ ಅವನು ಡ್ಯಾನ್ ಡೇರ್‌ನನ್ನು ಬಿಟ್ಟು ಹೊರಬಂದ. ಪಾತ್ರದ ಹಕ್ಕು ಅವನದಾಗಿರಲಿಲ್ಲ. ಆಮೇಲೆ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದ, ಕಾಲೇಜೊಂದರಲ್ಲಿ ಚಿತ್ರಕಲೆಯ ತಂತ್ರಜ್ಞನಾಗಿ ಸಂಬಳಕ್ಕೆ ದುಡಿದ. 1975ರಲ್ಲಿ ಇಟಲಿಯ ಲುಕ್ಕಾದಲ್ಲಿ ನಡೆದ ಕಾಮಿಕ್ಸ್ ಸಮಾವೇಶದಲ್ಲಿ, ಮಹಾಯುದ್ಧದ ನಂತರದ ಅತ್ಯುತ್ತಮ ಚಿತ್ರಕಥೆಗಾರನೆಂದು ಅವನನ್ನು ಸನ್ಮಾನಿಸಿದರು. 1985ರಲ್ಲಿ ತೀರಿಕೊಂಡ. ಹುಟ್ಟಿಸಿದವನ ಕೈತಪ್ಪಿದ ಪಾತ್ರವನ್ನು ಆಮೇಲೆ ಯಾರು ಯಾರೋ ಎಬ್ಬಿಸಿದ್ದಾರೆ. ಮರುಹುಟ್ಟಿನ ಕಥೆಗಳನ್ನು ಓದುವಾಗ ಈ ಋಣ ಪುಟದ ಹಿಂದೆ ಇದ್ದೇ ಇರುತ್ತದೆ.

‘ಈಗಲ್’ 1969ರಲ್ಲಿ ನಿಂತಿತು. ಎಂಟು ವರ್ಷದ ಮೇಲೆ, 1977ರಲ್ಲಿ, ‘2000 ಎ.ಡಿ.’ ಎಂಬ ಹೊಸ ವಾರಪತ್ರಿಕೆ ತನ್ನ ಮೊದಲ ಸಂಚಿಕೆಗೆ ಹೆಸರು ಬೇಕೆಂದು ಡ್ಯಾನ್ ಡೇರ್‌ನನ್ನು ಎರವಲು ತಂದಿತು. ನಾಯಕ ಹಳಬನಾದರೆ ಏನು ಮಾಡುವುದು? ಇನ್ನೂರು ವರ್ಷ ನಿದ್ರೆ ಮಾಡಿಸಿ, ಮುಖಕ್ಕೂ ಶಸ್ತ್ರಕ್ರಿಯೆ ಮಾಡಿಸಿ ಎಬ್ಬಿಸುವುದು! ಮುಖ ಬೇರೆ, ಕಾಲ ಬೇರೆ, ಸ್ವಭಾವವೂ ಬೇರೆ; ಮಾತಿಗಿಂತ ಮೊದಲು ಬಂದೂಕು ಮಾತಾಡುತ್ತದೆ. ಹೆಸರು ಮಾತ್ರ ಹಳೆಯದು. 1979ರಲ್ಲಿ ಕಥೆ ತೊಡಕಿನಲ್ಲಿ ನಿಂತಾಗ ಓದುಗರು ಮುಂದಿನ ಭಾಗಕ್ಕಾಗಿ ಕಾದರು. ಅದು ಬರಲೇ ಇಲ್ಲ. ಮುಂದಿನ ವಾರಕ್ಕೆ ಎಂದು ಓದುಗನನ್ನು ನಿಲ್ಲಿಸುವುದು ಸಾಲ ತೆಗೆದಂತೆ. ಆ ಸಾಲ ಇಂದಿಗೂ ತೀರಿಲ್ಲ. 1982ರಲ್ಲಿ ‘ಈಗಲ್’ ಹೊಸದಾಗಿ ಹೊರಟಾಗ ಬೇರೊಂದು ಉಪಾಯ ಹೂಡಿದರು. ಈ ಸಲದವನು ಮೂಲ ಡ್ಯಾನ್ ಡೇರ್‌ನ ಮರಿಮೊಮ್ಮಗನ ಮಗ, ಹೆಸರೂ ಅದೇ. ರಾಜವಂಶಗಳ ಚರಿತ್ರೆ ಓದಿದವರಿಗೆ ಈ ಉಪಾಯ ಹೊಸದೆನಿಸದು.

ಇವೆಲ್ಲ ಹೊರಗಿನ ರಿಪೇರಿ. ಒಳಗೇ ಕೈಹಾಕಿದವನು ಗ್ರಾಂಟ್ ಮಾರಿಸನ್. 1990ರಲ್ಲಿ ರಯಾನ್ ಹ್ಯೂಸ್‌ನ ಚಿತ್ರಗಳೊಡನೆ ಬಂದ ಅವನ ‘ಡೇರ್’ ಮೂಲದ ಒಂದೊಂದೇ ಎಳೆಯನ್ನು ತಿರುವುಮುರುವು ಮಾಡುತ್ತದೆ. ಡ್ಯಾನ್ ಈಗ ಕುಂಟುವ ಮುದುಕ. ಪೀಬಾಡಿ ಸತ್ತಿದ್ದಾಳೆ, ಆತ್ಮಹತ್ಯೆ ಎನ್ನುತ್ತಾರೆ. ಚುನಾವಣೆ ಹತ್ತಿರ ಬಂದಿದೆ. ಮಹಿಳಾ ಪ್ರಧಾನಿಯೊಬ್ಬಳ ಪಕ್ಷಕ್ಕೆ ಪೋಸ್ಟರಿನ ಮೇಲೆ ಹಾಕಲು ಒಂದು ಮುಖ ಬೇಕು, ನಂಬಿಕೆ ಹುಟ್ಟಿಸುವಂಥ ಹಳೆಯ ಮುಖ. ಅಂಥ ಮುಖ ಡ್ಯಾನ್‌ನದಲ್ಲದೆ ಬೇರೆ ಯಾರದು? ಥ್ಯಾಚರ್ ಆಳ್ವಿಕೆಯ ಕೊನೆಯ ತಿಂಗಳುಗಳಲ್ಲಿ ಬಂದ ಕಥೆ ಅದು, ಓದಿದವರಿಗೆ ಗುರಿ ಯಾರೆಂದು ಕೇಳಬೇಕಾಗಿರಲಿಲ್ಲ. ಚುರುಕಾದ ಸಂಗತಿ ಏನೆಂದರೆ ಇಲ್ಲೂ ಆಹಾರವೇ ಕಥೆಯ ಬೇರು. 1950ರಲ್ಲಿ ಹಸಿದವರಿಗೆ ಅನ್ನ ಹುಡುಕಲು ಹೊರಟ ಡ್ಯಾನ್‌ಗೆ, 1990ರಲ್ಲಿ ಜನರಿಗೆ ಹಂಚುತ್ತಿರುವ ಹೊಸ ಆಹಾರದ ಹಿಂದೆ ಎಂಥ ಪಾತಕ ಇದೆ ಎಂದು ತಿಳಿಯುತ್ತದೆ. ಒಡೆಯುವುದಾದರೆ ಹೀಗೆ ಒಡೆಯಬೇಕು, ಮೂಲವನ್ನು ಎದೆಗೆ ಹಚ್ಚಿಕೊಂಡವನಿಗೆ ಮಾತ್ರ ಎಲ್ಲಿ ಪೆಟ್ಟು ಹಾಕಬೇಕೆಂದು ಗೊತ್ತಿರುತ್ತದೆ. ಹಾಗೆಂದು ಮತ್ತೆ ಮತ್ತೆ ಓದಬೇಕೆನಿಸುವ ಪುಸ್ತಕವಲ್ಲ ಅದು. ವೀರನ ಕೊರಳಿಗೆ ಬಿದ್ದ ಹಾರ ಪ್ಲಾಸ್ಟಿಕ್ಕಿನದು ಎಂದು ಒಂದು ಸಲ ತೋರಿಸಬಹುದು. ಎರಡನೆಯ ಸಲ ತೋರಿಸಿದರೆ ಅದೂ ಒಂದು ಸಂಪ್ರದಾಯವಾಗುತ್ತದೆ.

ಎನಿಸ್‌ನ ಮುಂದೆ ಇದ್ದ ಕಷ್ಟ ಇದೇ. ಹೊಲಸು ಮಾತು, ರಕ್ತದ ಕೋಡಿ, ದೇವರ ಗೇಲಿ ಇವಕ್ಕೆಲ್ಲ ಹೆಸರಾದ ಬರಹಗಾರ ಅವನು. ಹಳೆಯ ವೀರರನ್ನು ಚಿಂದಿ ಮಾಡುವುದರಲ್ಲಿ ಅವನಿಗೆ ಸಮ ಇಲ್ಲ. ಆದರೆ ಡ್ಯಾನ್ ಡೇರ್‌ಗೆ ಬಂದಾಗ ಎಲ್ಲರ ನಿರೀಕ್ಷೆಯನ್ನೂ ಹುಸಿ ಮಾಡಿ ನಾಲಿಗೆ ತೊಳೆದುಕೊಂಡು ಕೂತ. ಸುತ್ತಲಿನ ಲೋಕವೆಲ್ಲ ಕೆಟ್ಟಿದೆ: ಅಮೆರಿಕ ಮತ್ತು ಚೀನಾ ಪರಸ್ಪರ ಅಣುಬಾಂಬು ಹಾಕಿಕೊಂಡು ಹಾಳಾಗಿವೆ, ಬ್ರಿಟನ್ ಒಂದೇ ಉಳಿದಿದೆ, ಅದರ ಪ್ರಧಾನಿ ಹಲ್ಲುಕಿರಿಯುವ ಠಕ್ಕ, ಮೆಕಾನ್ ಜೊತೆಗೇ ಒಳಒಪ್ಪಂದ ಮಾಡಿಕೊಂಡವನು. ಈ ಕೆಸರಿನ ನಡುವೆ ಡ್ಯಾನ್ ಮಾತ್ರ ಕೊಂಚವೂ ಬದಲಾಗಿಲ್ಲ. ವ್ಯಂಗ್ಯವೆಲ್ಲ ಕಾಲದ ಮೇಲೆ, ಮನುಷ್ಯನ ಮೇಲೆ ಅಲ್ಲ. ಮಾರಿಸನ್‌ನ ಪುಸ್ತಕದಲ್ಲಿ ಲೋಕ ಡ್ಯಾನ್‌ನನ್ನು ಉಪಯೋಗಿಸಿಕೊಂಡಿತು. ಎನಿಸ್‌ನಲ್ಲಿ ಡ್ಯಾನ್ ಬಂದು ನಿಂತ ಮಾತ್ರಕ್ಕೇ ಲೋಕಕ್ಕೆ ನಾಚಿಕೆಯಾಗುತ್ತದೆ. ಪೀಬಾಡಿ ಇಲ್ಲಿ ಸರ್ಕಾರದ ಮಂತ್ರಿ. ಯಾವ ಠಕ್ಕನ ಸಂಪುಟದಲ್ಲಿ ಕೂತಿದ್ದೇನೆ ಎಂದು ತಿಳಿದಾಗ ಅವಳಿಗಾಗುವ ಕಸಿವಿಸಿ ಕಥೆಯಲ್ಲೇ ಒಳ್ಳೆಯ ಭಾಗ.

ಡಿಗ್ಬಿ ಸಾಯುತ್ತಾನೆ. ಮರುಹುಟ್ಟಿನ ಕಥೆಗಳಲ್ಲಿ ಇದೂ ಒಂದು ಕಟ್ಟಳೆ, ಹಳೆಯ ಬಂಟನನ್ನು ಬಲಿಕೊಟ್ಟರೆ ಈಗ ಆಟವಲ್ಲ ಎಂದು ಓದುಗನಿಗೆ ಖಾತ್ರಿಯಾಗುತ್ತದೆ. ಅಗ್ಗದ ಉಪಾಯ. ಆದರೆ ಎನಿಸ್ ಯುದ್ಧಕಥೆಗಳನ್ನು ಬಹಳ ಬರೆದವನು. ಸಾವಿಗೆ ಅವಸರ ಮಾಡುವುದಿಲ್ಲ. ಡಿಗ್ಬಿ ಬೇರೆಯವರು ಪಾರಾಗಲೆಂದು ತಾನು ಹಿಂದೆ ನಿಲ್ಲುತ್ತಾನೆ, ಗೊಣಗುತ್ತಲೇ ನಿಲ್ಲುತ್ತಾನೆ. ವಿಗನ್ನಿನ ಆ ಹಳೆಯ ಡಿಗ್ಬಿ ಹೇಗೆ ಸಾಯಬಹುದಿತ್ತೋ ಹಾಗೆಯೇ.

ಇನ್ನು ನಿರೂಪಣೆ. 1950ರ ಪುಟದಲ್ಲಿ ಪಾತ್ರ ಮನಸ್ಸಿನಲ್ಲಿ ಅಂದುಕೊಂಡದ್ದು ಮೋಡದ ಆಕಾರದ ಬಲೂನಿನಲ್ಲಿ ಬರುತ್ತಿತ್ತು. ಕಥೆ ಹೇಳುವವನು ಮೇಲಿನ ಪಟ್ಟಿಯಲ್ಲಿ ‘ಇತ್ತ’, ‘ಅದೇ ಹೊತ್ತಿಗೆ ಅತ್ತ’ ಎನ್ನುತ್ತಿದ್ದ, ಭಾಗವತರು ಪದದ ನಡುವೆ ಸನ್ನಿವೇಶ ಬದಲಿಸಿದ ಹಾಗೆ. ಹೊಸ ಕಾಮಿಕ್ಸ್‌ನಲ್ಲಿ ಆ ಮೋಡವೂ ಇಲ್ಲ, ಆ ಭಾಗವತನೂ ಇಲ್ಲ. ಅವನ್ನು ಕಿತ್ತುಹಾಕಿದ ದೊಡ್ಡ ಕೃತಿ 1986ರಲ್ಲಿ ಶುರುವಾದ ‘ವಾಚ್‌ಮೆನ್’. ಅದರ ಚಿತ್ರಕಾರ ಡೇವ್ ಗಿಬನ್ಸ್. ಅದಕ್ಕೆ ಕೆಲವೇ ವರ್ಷ ಮೊದಲು ‘2000 ಎ.ಡಿ.’ಯಲ್ಲಿ ಡ್ಯಾನ್ ಡೇರ್ ಬರೆಯುತ್ತಿದ್ದವನೂ ಅವನೇ. ಪಾತ್ರ ಮನಸ್ಸಿನಲ್ಲಿ ಏನು ಅಂದುಕೊಂಡಿತೆಂದು ಹೇಳದಿದ್ದರೆ ಓದುಗ ಮುಖ ನೋಡಿ ಊಹಿಸಬೇಕು; ಆಗ ಚಿತ್ರಕ್ಕೆ ಜಾಗ ಬೇಕು, ಮೌನಕ್ಕೆ ಜಾಗ ಬೇಕು. ಹಾಗಾಗಿ ಎನಿಸ್‌ನ ಪುಸ್ತಕದಲ್ಲಿ ಹಳೆಯ ‘ಈಗಲ್’ನ ಎರಡೇ ಪುಟಕ್ಕೆ ಸಾಕಾಗುವಷ್ಟು ಕಥೆ ಹತ್ತು ಪುಟಕ್ಕೆ ಹಬ್ಬುತ್ತದೆ. ಯುದ್ಧನೌಕೆ ಎಂದರೆ ಪುಟ ತುಂಬ ನೌಕೆಯೇ. ತಿಂಗಳಿಗೊಂದು ಸಂಚಿಕೆ, ಒಟ್ಟು ಏಳು, ಆಮೇಲೆ ಒಂದು ರಟ್ಟಿನ ಪುಸ್ತಕ. ಹೆಣೆದದ್ದೇ ಪುಸ್ತಕಕ್ಕಾಗಿ.

ಹಿಂದಿನದನ್ನು ನೆನೆಯುವ ಬಗೆಯೂ ಬದಲಾಗಿದೆ. ಗದಾಯುದ್ಧ ಒಂದನ್ನೇ ಹಿಡಿದು ಇಡೀ ಭಾರತವನ್ನು ಸಿಂಹಾವಲೋಕನ ಕ್ರಮದಲ್ಲಿ ಹೇಳಿದ ರನ್ನನ ಓದುಗರಿಗೆ ಇದು ಅಪರಿಚಿತವಲ್ಲ. ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಬೇಕಾಗಿಲ್ಲ, ಕೊನೆಯಲ್ಲಿ ನಿಂತು ತಿರುಗಿ ನೋಡಿದರೆ ಸಾಕು. ಎನಿಸ್ ಶುಕ್ರದ ಹಳೆಯ ಕಥೆಯನ್ನು ಮತ್ತೆ ಹೇಳಲು ಹೋಗುವುದಿಲ್ಲ. ಹೊಸ ಓದುಗನಿಗೆ ಅದು ಹಿನ್ನೆಲೆ, ಹಳೆಯ ಓದುಗನಿಗೆ ಎದೆಯ ಚುರುಕು. ಎರಡು ಪೀಳಿಗೆಯನ್ನು ಒಂದೇ ಚೌಕದಲ್ಲಿ ಕೂರಿಸುವುದು ಸುಲಭವಲ್ಲ.

ಆದರೂ ಒಂದು ಮಾತು ಹೇಳಲೇಬೇಕು. 1950ರ ಡ್ಯಾನ್ ದುಡಿಯುತ್ತಿದ್ದುದು ಇಡೀ ಭೂಮಿಯ ಪಡೆಗೆ. ಯುದ್ಧದಿಂದ ಆಗಷ್ಟೇ ಎದ್ದ ಒಬ್ಬ ಕಲಾವಿದ, ಮುಂದೆ ರಾಷ್ಟ್ರಗಳೆಲ್ಲ ಒಂದಾಗುತ್ತವೆ ಎಂದು ನಂಬಿ ಬರೆದದ್ದು ಅದು. 2007ರಲ್ಲಿ ಆ ನಂಬಿಕೆಯನ್ನು ಬಿಟ್ಟು, ಬ್ರಿಟನ್ ಒಂದೇ ಗೆದ್ದು ನಿಂತ ಆಕಾಶವನ್ನು ತಂದಿಟ್ಟರು. ನಾಯಕನ ಸ್ವಭಾವ ಉಳಿಯಿತು, ಅವನ ಕನಸು ಹೋಯಿತು. ಹಾಗಾಗಿ ಎನಿಸ್‌ನ ಡ್ಯಾನ್ ಏನನ್ನು ಕಾಪಾಡುತ್ತಿದ್ದಾನೆ ಎಂಬಲ್ಲಿ ಒಂದು ಟೊಳ್ಳು ಇದೆ. ಆ ಟೊಳ್ಳಿನ ಮೇಲೆ ಎಷ್ಟು ಚೆಂದದ ನೌಕೆಗಳನ್ನು ಹಾರಿಸಿದರೂ ಅದು ಮುಚ್ಚುವುದಿಲ್ಲ.

ಈ ಮಾಲೆಯನ್ನು ಹೊರತಂದ ವರ್ಜಿನ್ ಕಾಮಿಕ್ಸ್‌ಗೆ ಬೆಂಗಳೂರಿನ ನಂಟಿದೆ. 2006ರಲ್ಲಿ ಶುರುವಾದ ಆ ಕಂಪನಿಯ ಚಿತ್ರಶಾಲೆ ಇದ್ದದ್ದು ಬೆಂಗಳೂರಿನಲ್ಲಿ. ಭಾರತದ ಪುರಾಣಗಳನ್ನು ಅಮೆರಿಕದ ಕಾಮಿಕ್ಸ್ ಅಚ್ಚಿನಲ್ಲಿ ಎರಕಹೊಯ್ಯುವುದು ಅದರ ಮುಖ್ಯ ಉಮೇದು. ‘ಡ್ಯಾನ್ ಡೇರ್’ ಮುಗಿದ ವರ್ಷವೇ, 2008ರಲ್ಲಿ, ನ್ಯೂಯಾರ್ಕ್ ಕಚೇರಿ ಮುಚ್ಚಿತು, ಕಂಪನಿ ಬೇರೆ ಹೆಸರಿಗೆ ತಿರುಗಿತು. ಕನ್ನಡದ ಮಕ್ಕಳಿಗೆ ಬಾಹ್ಯಾಕಾಶದ ವೀರ ಎಂದರೆ ಡ್ಯಾನ್ ಅಲ್ಲ. ಇಂದ್ರಜಾಲ ಕಾಮಿಕ್ಸ್‌ನಲ್ಲಿ ಫ್ಯಾಂಟಮ್ ಮತ್ತು ಮ್ಯಾಂಡ್ರೇಕರ ಪಕ್ಕದಲ್ಲಿ ಬರುತ್ತಿದ್ದ ಫ್ಲಾಶ್ ಗಾರ್ಡನ್. ಆ ಫ್ಲಾಶ್ ಗಾರ್ಡನ್‌ನನ್ನೂ 2023ರಲ್ಲಿ ಡ್ಯಾನ್ ಷ್ಕೇಡ್ ಎಂಬ ಕಲಾವಿದ ಹೊಸದಾಗಿ ಎಬ್ಬಿಸಿ ಕೂರಿಸಿದ. ವಾರಕ್ಕೆ ಎರಡು ಪುಟ ಕೂಡ ಅಲ್ಲ, ದಿನಕ್ಕೆ ಒಂದು ಪಟ್ಟಿ, ನಾಳೆಗೆ ಒಂದು ತೊಡಕು.

2017ರಲ್ಲಿ ಪೀಟರ್ ಮಿಲಿಗನ್ ಬರೆದ ಡ್ಯಾನ್ ಡೇರ್ ಕಥೆಯಲ್ಲಿ ಒಂದು ಒಳ್ಳೆಯ ಯೋಚನೆ ಇದೆ. ಮೆಕಾನ್ ಸೆರೆಯಲ್ಲಿದ್ದಾನೆ, ಬದಲಾಗಿದ್ದೇನೆ, ಪಶ್ಚಾತ್ತಾಪವಾಗಿದೆ ಎನ್ನುತ್ತಿದ್ದಾನೆ. ಡ್ಯಾನ್‌ಗೆ ಅದನ್ನು ನಂಬುವ ಆಸೆ. ಮನುಷ್ಯ ಬದಲಾಗಬಲ್ಲ ಎಂದು ನಂಬದವನು ಡ್ಯಾನ್ ಡೇರ್ ಹೇಗಾದಾನು? ಓದುಗನಿಗೋ, ಖಳನಾಯಕ ತಪ್ಪಿಸಿಕೊಳ್ಳದಿದ್ದರೆ ಕಥೆ ಮುಂದೆ ಹೋಗದು ಎಂಬುದು ಗೊತ್ತು. ಪಾದ್ರಿಯ ಕಾಲರು ಕಳಚಿ ಅರವತ್ತೇಳು ವರ್ಷವಾದ ಮೇಲೂ ಒಳಗಿನ ಪಾದ್ರಿಗೆ ಇಂಥ ಸಂಕಟ ತಂದಿಟ್ಟ ಮಿಲಿಗನ್‌ನನ್ನು ಮೆಚ್ಚಬೇಕು, ಮುಂದಿನ ಸಂಚಿಕೆಗಳು ಆ ಎತ್ತರಕ್ಕೆ ಏರದಿದ್ದರೂ.

ಈ ಯಾವ ರಿಪೇರಿಯೂ ಬೇಡ ಎಂದವರೂ ಇದ್ದಾರೆ. ಇಂಗ್ಲೆಂಡಿನ ಅಭಿಮಾನಿಯೊಬ್ಬ, ಹಳೆಯ ‘ಈಗಲ್’ನಲ್ಲಿ ಡ್ಯಾನ್ ಡೇರ್ ಬರೆಯುತ್ತಿದ್ದ ಕೀತ್ ವಾಟ್ಸನ್‌ನಿಂದ ಹೊಸ ಕಥೆಯೊಂದಕ್ಕೆ ಹಳೆಯ ಶೈಲಿಯಲ್ಲೇ ಚಿತ್ರ ಬರೆಸತೊಡಗಿದ. 1994ರಲ್ಲಿ ವಾಟ್ಸನ್ ತೀರಿಕೊಂಡಾಗ ಕಥೆ ಅರ್ಧಕ್ಕೆ ನಿಂತಿತ್ತು. ಹ್ಯಾಂಪ್ಸನ್‌ನ ಸ್ಟುಡಿಯೊದಲ್ಲಿ ಪಳಗಿದ ಡಾನ್ ಹಾರ್ಲಿ ಕುಂಚ ಎತ್ತಿಕೊಂಡು ಅದನ್ನು ಮುಂದುವರಿಸಿದ. ಅದನ್ನು ಅಚ್ಚು ಮಾಡಲೆಂದೇ 2003ರಲ್ಲಿ ‘ಸ್ಪೇಸ್‌ಶಿಪ್ ಅವೇ’ ಎಂಬ ಪತ್ರಿಕೆ ಶುರುವಾಯಿತು. ಅಲ್ಲಿ ಡ್ಯಾನ್‌ಗೆ ವಯಸ್ಸಾಗಿಲ್ಲ, ಡಿಗ್ಬಿ ಬದುಕಿದ್ದಾನೆ, ಶುಕ್ರದಲ್ಲಿ ಕಾಡು ಹಸಿರಾಗಿದೆ, ಮನಸ್ಸಿನ ಮಾತಿಗೆ ಮೋಡದ ಬಲೂನು ಇದೆ. ಎರಡೆರಡು ಪುಟಕ್ಕೆ ಒಂದು ತೊಡಕು, ಬಲಗಡೆಯ ಕೆಳಮೂಲೆಯಲ್ಲೇ. ಪತ್ರಿಕೆ ಬರುವುದು ಮಾತ್ರ ವರ್ಷಕ್ಕೆ ಮೂರು ಸಲ. ಅಂದರೆ ಸಂಚಿಕೆಯ ಕೊನೆಯ ಚೌಕದಲ್ಲಿ ಡ್ಯಾನ್ ಸಿಕ್ಕಿಹಾಕಿಕೊಂಡರೆ ಬಿಡಿಸಿಕೊಳ್ಳಲು ನಾಲ್ಕು ತಿಂಗಳು ಬೇಕು. 1950ರಲ್ಲಿ ಒಂದು ವಾರ ಕಾಯಲಾರದೆ ಒದ್ದಾಡಿದ ಹುಡುಗರೇ, ತಲೆ ನರೆತ ಮೇಲೆ, ಚಂದಾ ಕಟ್ಟಿ ನಾಲ್ಕು ತಿಂಗಳು ಕಾದರು.